ತೋಳದ ಮಕ್ಕಳ ಕಥೆ ನಾನು ಹೇಳುವುದು ಬಿಟ್ಟೆ

ಸಮಾಜಶಾಸ್ತ್ರದ ಮೇಷ್ಟ್ರುಗಳ ಹತ್ತಿರ ಸಾಮಾಜೀಕರಣದ (ಮಗು ಜನರ ನಡುವೆ ಬೆಳೆದು ಸಮಾಜದ ರೀತಿ ಕಲಿಯುವುದು) ಚಾಪ್ಟರಿಗೆ ಅಂತಲೇ ಒಂದು ಖಾಯಂ ಕಥೆ ಇರುತ್ತದೆ. ಬಂಗಾಳದ ಮಿಡ್ನಾಪುರದ ಕಾಡು, ತೋಳದ ಗವಿ, ಅಲ್ಲಿ ಸಿಕ್ಕ ಇಬ್ಬರು ಹೆಣ್ಣುಮಕ್ಕಳು, ಕಮಲಾ ಮತ್ತು ಅಮಲಾ. ಕೈ ಕಾಲು ಊರಿ ನಡೆಯುತ್ತಿದ್ದರಂತೆ, ಹಸಿ ಮಾಂಸ ತಿನ್ನುತ್ತಿದ್ದರಂತೆ, ರಾತ್ರಿ ಊಳಿಡುತ್ತಿದ್ದರಂತೆ. ಜನರ ನಡುವೆ ಬೆಳೆಯದಿದ್ದರೆ ಮನುಷ್ಯ ಮನುಷ್ಯನಾಗುವುದಿಲ್ಲ ಅಂತ ಬೋರ್ಡ್ ಮೇಲೆ ಬರೆದರೆ ಪಾಯಿಂಟ್ ಮುಗಿಯಿತು. ಊಟದ ನಂತರದ ಪೀರಿಯಡ್ಡಿನಲ್ಲೂ ಪಿಯುಸಿ ಆರ್ಟ್ಸಿನ ಹೆಚ್‌ಇಪಿಎಸ್ ಹುಡುಗರು ನಿದ್ದೆ ಮಾಡದೆ ಕೇಳುವ ಪಾಠ ಇದೊಂದೇ. ನಾನಂತೂ ಬಗ್ಗಿ, ಕೈ ಊರಿ, ಊಳಿಟ್ಟೇ ತೋರಿಸುತ್ತಿದ್ದೆ. ಪಕ್ಕದ ಕ್ಲಾಸಿನ ಎಕನಾಮಿಕ್ಸ್ ಮೇಡಂ ಬಂದು ಇಣುಕಿ ಹೋಗುತ್ತಿದ್ದರು.

ನಮ್ಮದು ಮೂಡಿಗೆರೆ ಕಡೆಯ ಕಾಲೇಜು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಾಫಿ ತೋಟದ ಕೆಲಸದವರ ಲೈನ್ ಮನೆಗಳಿಂದ ಬರುತ್ತಾರೆ. ಹಣ್ಣು ಕುಯ್ಲು ಶುರುವಾದರೆ ಕ್ಲಾಸು ಖಾಲಿ, ಆಮೇಲೆ ಅಟೆಂಡೆನ್ಸ್ ಶಾರ್ಟೇಜ್, ಆಮೇಲೆ ಪ್ರಿನ್ಸಿಪಾಲರ ಚೇಂಬರಿನಲ್ಲಿ ಅಪ್ಪ ಅಮ್ಮಂದಿರ ಸಾಲು. ಇದೆಲ್ಲ ಮಾಮೂಲು.

ತೋಳದ ಪಾಠ ಮುಗಿದು ಮುಂದಿನ ವಾರ ಪಾಠಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ ಬಂದ. ಬೇರೆಯವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಅಂತ ಊಹಿಸಿಕೊಂಡು, ಅವರು ಏನಂದುಕೊಂಡಾರು ಅಂತ ಲೆಕ್ಕ ಹಾಕಿಕೊಂಡೇ ನಮ್ಮೊಳಗೆ ‘ನಾನು’ ಅನ್ನುವುದು ಬೆಳೆಯುತ್ತದೆ, ಸಮಾಜವೇ ಒಂದು ಕನ್ನಡಿ ಅಂತ 1902ರಲ್ಲಿ ಹೇಳಿದವನು. ಕಾಫಿ ಸೀಮೆಯ ಬೋರ್ಡ್ ಮೇಲೆ ಆ ಹೆಸರು ಬರೆದರೆ ಏನಾಗುತ್ತದೆ ಅಂತ ಹೇಳಬೇಕಾ? “ದಿನಕ್ಕೆ ಎಷ್ಟು ಸರ್ ಕೂಲಿ?” ಪ್ರತಿ ವರ್ಷದ ಜೋಕು. ಪ್ರತಿ ವರ್ಷ ನಾನೂ ನಗುತ್ತೇನೆ. ಈ ಸಲ ಹಿಂದಿನ ಬೆಂಚಿಂದ ಇನ್ನೊಂದು ದನಿ ಬಂತು. “ಕಮಲನ್ನ ಕೇಳಿ ಸರ್, ಅವಳಿಗೆ ಗೊತ್ತಿರುತ್ತೆ.”

ನಮ್ಮ ಹಾಜರಿ ಪುಸ್ತಕದಲ್ಲಿ ಕಮಲ ಅಂತ ಯಾರೂ ಇಲ್ಲ. “ಯಾರಪ್ಪಾ ಅದು ಕಮಲ?” ಅಂದೆ, ಇನ್ನೂ ನಗುತ್ತಲೇ. ಕ್ಲಾಸು ತಣ್ಣಗಾಯಿತು. ಅಷ್ಟು ಹೊತ್ತು ಕಿಸಕಿಸ ಅನ್ನುತ್ತಿದ್ದವರೆಲ್ಲ ನೋಟ್ಸ್ ನೋಡತೊಡಗಿದರು. ಅಲ್ಲಿಗೇ ಬಿಟ್ಟು ಪಾಠ ಮುಂದುವರಿಸಬಹುದಿತ್ತು. ಆದರೆ ನನ್ನ ಕ್ಲಾಸಿನಲ್ಲಿ ನನಗೆ ಗೊತ್ತಿಲ್ಲದ್ದು ಏನೋ ನಡೆಯುತ್ತಿದೆ ಅಂತ ಅನ್ನಿಸಿದ ಕೂಡಲೇ ಮೇಷ್ಟ್ರ ಜಂಬ ಎದ್ದಿತು. “ಯಾರು ಅಂತ ಎದ್ದು ನಿಲ್ಲಿ” ಅಂದೆ, ಜೋರಾಗಿ.

ಕಿಟಕಿ ಪಕ್ಕದಿಂದ ಒಬ್ಬ ಹುಡುಗಿ ಎದ್ದಳು. “ನನಗೇ ಸರ್ ಹಂಗೆ ಕರೆಯೋದು.”

ಅವಳ ಅಪ್ಪ ಅಮ್ಮ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು. ಅವಳು ಓದಿದ್ದೆಲ್ಲ ಇಲ್ಲೇ, ಸರ್ಕಾರಿ ಕನ್ನಡ ಶಾಲೆಯಲ್ಲಿ. ಕ್ಲಾಸಿನಲ್ಲಿ ಮಾತು ಕಡಿಮೆ, ಅಷ್ಟೇ. ಕಾಡಿನ ಕಡೆಯಿಂದ ಬಂದವಳು, ಬಾಯಿ ಬಿಡಲ್ಲ, ಆದ್ದರಿಂದ ಕಮಲಾ. ಹುಡುಗರ ಲೆಕ್ಕ ಅದು. ಆ ಲೆಕ್ಕಕ್ಕೆ ಹೆಸರು, ನಡಿಗೆ, ಊಳು ಎಲ್ಲವನ್ನೂ ಒದಗಿಸಿಕೊಟ್ಟವನು ನಾನೇ.

ಕೂತುಕೋ ಅನ್ನುವುದೂ ನನಗೆ ಹೊಳೆಯಲಿಲ್ಲ. ಸೀಮೆಸುಣ್ಣ ಹಿಡಿದು ನಿಂತಿದ್ದೆ. ಅವಳೂ ನಿಂತೇ ಇದ್ದಳು. ಆಮೇಲೆ ಅವಳೇ ಕೇಳಿದಳು, “ಸರ್, ಆ ಮಕ್ಕಳನ್ನ ಗವೀಲಿ ಕಣ್ಣಾರೆ ಕಂಡವರು ಯಾರು?” ಪಾಠದ ಪ್ರಶ್ನೆ ಬಂತಲ್ಲ ಅಂತ ಉಸಿರು ಬಂತು ನನಗೆ. “ಪಾದ್ರಿ ಕಂಡಿದ್ದಾರಮ್ಮಾ, ಫೋಟೋನೇ ಇದೆ” ಅಂದೆ. ಅವಳು ತಲೆ ಆಡಿಸಿ ಕೂತಳು. ನಾನು ಉಳಿದ ಟೈಮೆಲ್ಲ ಹುಡುಗರಿಗೆ ಬೈದೆ. ಅದರ ಫಲ ಏನಪ್ಪಾ ಅಂದರೆ, ಒಂದು ಸೆಕ್ಷನ್ನಿನಲ್ಲಿದ್ದ ಅಡ್ಡಹೆಸರು ಇಂಟರ್ವಲ್ ಹೊತ್ತಿಗೆ ಇಡೀ ಕಾಲೇಜಿಗೆ ಗೊತ್ತಾಯಿತು.

ಪ್ರಿನ್ಸಿಪಾಲರಿಗೆ ಹೇಳಿದರೆ, “ಮಕ್ಕಳಾಟ ಬಿಡ್ರೀ, ಮೊದಲು ವರ್ಕ್ ಡೈರಿ ತಂದು ಸೈನ್ ಹಾಕಿಸಿ” ಅಂದರು.

ಫೋಟೋ ಇದೆ ಅಂತ ಹೇಳಿಬಿಟ್ಟಿದ್ದೆನಲ್ಲ, ರಾತ್ರಿ ಹುಡುಕಲು ಕೂತೆ. ಕಥೆ ಹಬ್ಬಿಸಿದವರು ಮಿಡ್ನಾಪುರದಲ್ಲಿ ಅನಾಥಾಶ್ರಮ ನಡೆಸುತ್ತಿದ್ದ ಪಾದ್ರಿ ಸಿಂಗ್. ಮಕ್ಕಳು ಸಿಕ್ಕಿದ್ದು 1920ರಲ್ಲಿ, ಅಮಲಾ ಸತ್ತಿದ್ದು 1921ರಲ್ಲಿ, ಕಮಲಾ 1929ರಲ್ಲಿ. ಫ್ರಾನ್ಸಿನ ಸರ್ಜನ್ ಸೆರ್ಜ್ ಅರೋಲ್ ಹಳೆಯ ಕಾಗದಪತ್ರ ಜಾಲಾಡಿ ಹೇಳಿದ ಪ್ರಕಾರ ಕೈ ಕಾಲು ಊರಿ ನಡೆಯುವ ಫೋಟೋ ತೆಗೆದಿದ್ದು 1937ರಲ್ಲಿ. ಅಂದರೆ ಇಬ್ಬರೂ ಸತ್ತ ಎಷ್ಟೋ ವರ್ಷದ ಮೇಲೆ, ಬೇರೆ ಮಕ್ಕಳನ್ನು ನಿಲ್ಲಿಸಿ. ಸಿಂಗ್ ದಿನದಿನವೂ ಬರೆದದ್ದು ಅನ್ನುವ ಡೈರಿ ಕೂಡ ಆಮೇಲೆ ಬರೆದದ್ದು. ಕಮಲಾ ಹುಟ್ಟಿನಿಂದಲೇ ಕಾಯಿಲೆ ಇದ್ದ ಮಗು ಅಂತ ಅರೋಲ್ ಅಭಿಪ್ರಾಯ.

ನನಗೆ ನಿಜಕ್ಕೂ ಚುಚ್ಚಿದ್ದು ಬೇರೆ. ಯಂತ್ರ, ತಂತ್ರಜ್ಞಾನ ಬೇಗ ಬದಲಾಗುತ್ತವೆ, ನಮ್ಮ ನಂಬಿಕೆ ರೂಢಿಗಳು ಹಿಂದೆ ಉಳಿಯುತ್ತವೆ, ಇದೇ ‘ಸಾಂಸ್ಕೃತಿಕ ಹಿಂಬೀಳುವಿಕೆ’ ಅಂತ ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವಲ್ಲ, ಅದನ್ನು ಹೇಳಿದ ಅಮೆರಿಕದ ಸಮಾಜಶಾಸ್ತ್ರಜ್ಞ ಆಗ್‌ಬರ್ನ್ ಅವರೇ ನಿರ್ಮಲ್ ಕುಮಾರ್ ಬೋಸ್ ಜೊತೆ ಸೇರಿ ಈ ಕಥೆಯ ಬೆನ್ನು ಹತ್ತಿ ವಿಚಾರಿಸಿದ್ದರು. ಬೋಸ್ ಅಂದರೆ ನೌಖಾಲಿಯಲ್ಲಿ ಗಾಂಧೀಜಿ ಜೊತೆ ಇದ್ದ ಮಾನವಶಾಸ್ತ್ರಜ್ಞ. ತೋಳದ ಕಥೆಗೆ ಗಟ್ಟಿ ಸಾಕ್ಷಿ ಅವರಿಗೆ ಸಿಗಲಿಲ್ಲ. ವರದಿ ಬಂದಿದ್ದು 1959ರಲ್ಲಿ! ನಾನು ಹುಟ್ಟುವ ಮುಂಚೆ. ಆಗ್‌ಬರ್ನ್ ಥಿಯರಿಗೆ ನಮ್ಮ ನೋಟ್ಸಿಗಿಂತ ಒಳ್ಳೆಯ ಉದಾಹರಣೆ ಬೇಕಾ?

ಮಾರನೇ ದಿನ ಕ್ಲಾಸಿನಲ್ಲಿ ಇದನ್ನೆಲ್ಲ ಹೇಳಿದೆ. ಹುಡುಗರಿಗೆ ನಿರಾಸೆ. “ಹಂಗಾದ್ರೆ ನೋಟ್ಸಲ್ಲಿ ಹೊಡೆದು ಹಾಕ್ಲಾ ಸರ್?” ಅಂತ ಕೇಳಿದರು. ಹಾಕಿ ಅಂದೆ.

ಈಗ ಆ ಜಾಗದಲ್ಲಿ ಅನ್ನಾ ಮತ್ತು ಇಸಬೆಲ್ ಬಗ್ಗೆ ಹೇಳುತ್ತೇನೆ. ಇಬ್ಬರೂ 1938ರಲ್ಲಿ ಅಮೆರಿಕದಲ್ಲಿ ಸಿಕ್ಕ ಮಕ್ಕಳು, ಸಮಾಜಶಾಸ್ತ್ರಜ್ಞ ಕಿಂಗ್‌ಸ್ಲಿ ಡೇವಿಸ್ ಬರೆದಿಟ್ಟದ್ದು. ಇಬ್ಬರನ್ನೂ ಮನೆಯವರೇ ಕೋಣೆಯಲ್ಲಿ ಕೂಡಿಹಾಕಿದ್ದರು. ಅನ್ನಾ ಹೆಚ್ಚು ಸುಧಾರಿಸಲಿಲ್ಲ, 1942ರಲ್ಲಿ ತೀರಿಕೊಂಡಳು. ಇಸಬೆಲ್ ಜೊತೆ ಮಾತ್ರ ಕಿವಿ ಕೇಳದ, ಮಾತು ಬಾರದ ಅಮ್ಮ ಇದ್ದಳು. ಇಬ್ಬರದೂ ಕೈಸನ್ನೆಯಲ್ಲೇ ಮಾತು. ಹೊರಗೆ ಬಂದು ಕಲಿಸತೊಡಗಿದ ಮೇಲೆ ಎರಡೇ ವರ್ಷದಲ್ಲಿ ಆ ಮಗು ಉಳಿದ ಮಕ್ಕಳ ಸಮಕ್ಕೆ ಬಂತು. ಊಳಿಡುವ ಅವಕಾಶ ಇಲ್ಲ, ಆದರೆ ಇದನ್ನು ಹೇಳುವಾಗಲೂ ಯಾರೂ ನಿದ್ದೆ ಮಾಡುವುದಿಲ್ಲ.

ಅದರ ಜೊತೆ ಒಂದು ಪುಟ ಬರೆಸುತ್ತೇನೆ. ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಏನು ಕಲಿಸಿದರು, ಅಷ್ಟೇ. ಕಡೂರು ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಒಬ್ಬ ಹುಡುಗ, ಮುದ್ದೆ ಅಗಿಯಬಾರದು ನುಂಗಬೇಕು ಅಂತ ಅಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ್ದನ್ನು ಬರೆದ. ನಮ್ಮ ಅಕ್ಕಿ ರೊಟ್ಟಿ, ಕಡುಬಿನವರು ಬಿದ್ದು ಬಿದ್ದು ನಕ್ಕರು. ಆ ಹುಡುಗಿ ಬರೆದಿದ್ದು ತಾನು ಅಮ್ಮನಿಗೆ ಕಲಿಸಿದ್ದನ್ನು. ಸಂತೆಯಲ್ಲಿ ಚೌಕಾಸಿ ಮಾಡುವುದು, ತೋಟದ ರೈಟರ್ ಬರೆದ ಕೆ.ಜಿ. ಲೆಕ್ಕ ಓದುವುದು, ಆಸ್ಪತ್ರೆಯಲ್ಲಿ ಎಲ್ಲಿ ನೋವು ಅಂತ ಕನ್ನಡದಲ್ಲಿ ಹೇಳುವುದು. ಮನೆಯಲ್ಲಿ ದೊಡ್ಡವರಿಂದ ಚಿಕ್ಕವರಿಗೆ ಅಂತ ನನ್ನ ನೋಟ್ಸಿನಲ್ಲಿದ್ದ ಬಾಣದ ಗುರುತು ಅವಳ ಮನೆಯಲ್ಲಿ ಉಲ್ಟಾ ತಿರುಗಿತ್ತು.

ಅಡ್ಡಹೆಸರು ಪೂರ್ತಿ ಹೋಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದಿಬ್ಬರು ಕರೆಯುತ್ತಾರಂತೆ. ಕರೆಸಿ ಮಾತಾಡುತ್ತಿದ್ದೇನೆ, ಕ್ಲಾಸಿನಲ್ಲಿ ಎಬ್ಬಿಸಿ ಅಲ್ಲ, ಒಬ್ಬೊಬ್ಬರನ್ನೇ.

ಇನ್ನೊಂದು ತಲೆನೋವು ಮಿಡ್‌ಟರ್ಮ್ ಪೇಪರಿನದು. ವ್ಯಾಲ್ಯುಯೇಶನ್ ಮಾಡಿದ ಇನ್ನೊಬ್ಬ ಮೇಷ್ಟ್ರು, ‘ಕಮಲಾ ಕಥೆ ನಂಬಬೇಡಿ’ ಅಂತ ಬರೆದವರಿಗೆಲ್ಲ ಸೊನ್ನೆ ಸುತ್ತಿದ್ದರು. ಕೀ ಆನ್ಸರಿನಲ್ಲಿ ಇಲ್ಲ ಅಂತ ಕಾರಣ. ಸ್ಟಾಫ್ ರೂಮಿನಲ್ಲಿ ಜಗಳ ಆಡಿ ಮಾರ್ಕ್ಸ್ ಹಾಕಿಸಿದೆ. ಬೋರ್ಡ್ ಪರೀಕ್ಷೆಯಲ್ಲಿ ಯಾವ ಪುಣ್ಯಾತ್ಮರ ಕೈಗೆ ಪೇಪರ್ ಹೋಗುತ್ತದೋ ಹೇಳೋಕಾಗಲ್ಲ. ಹಾಗಾಗಿ ಮಕ್ಕಳಿಗೆ ಹೇಳಿದ್ದೇನೆ: ಕುಟುಂಬ, ಶಾಲೆ, ಗೆಳೆಯರ ಗುಂಪು, ಮಾಧ್ಯಮ, ಈ ನಾಲ್ಕನ್ನು ಉದಾಹರಣೆ ಕೊಟ್ಟು ಬರೆಯಿರಿ, ತೋಳದ ಗೋಜಿಗೇ ಹೋಗಬೇಡಿ.