ಗ್ರಾಫಿನ ಎಡಗಡೆ ನೋಡು ಪುಟ್ಟಿ

ತೀರ್ಥಹಳ್ಳಿಯಲ್ಲಿ ಸಂಜೆಯಿಂದ ಮಳೆ, ಕರೆಂಟಿಲ್ಲ. ಶಂಕರಘಟ್ಟದಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಗೆ ಸೇರಿದ ಅಕ್ಕನ ಮಗಳು ಟಾರ್ಚ್ ಹಿಡಿದು ಒಂದು ಸಂಶೋಧನಾ ಪೇಪರನ್ನು ಮೊದಲ ಸಾಲಿನಿಂದ ಅಕ್ಷರ ಬಿಡದೆ ಓದುತ್ತಿದ್ದಳು.

ಹಾಗೆ ಓದಬೇಡ ಪುಟ್ಟಿ, ಅಂದೆ.

ಪೇಪರ್ ಓದೋದು ಹೇಗೆ ಅಂತ ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಬರೆದ ಮೂರು ಸುತ್ತಿನ ಓದು ಇದೆಯಲ್ಲ, ಅದರಲ್ಲಿ ಮೊದಲ ಸುತ್ತಿಗೆ 5–10 ನಿಮಿಷ ಸಾಕು. ಸಾರಾಂಶ, ಪೀಠಿಕೆ, ತಲೆಬರಹ, ಕೊನೆಯ ಭಾಗ, ಅಷ್ಟೇ. ಎರಡನೇ ಸುತ್ತಲ್ಲಿ ಗ್ರಾಫ್ ನೋಡಬೇಕು, ಚೆನ್ನಾಗಿ ನೋಡಬೇಕು.

ಅವಳ ಪೇಪರಿನ ಗ್ರಾಫ್ ನೋಡಿದರೆ ಎಡಗಡೆ ಅಳತೆ ಸೊನ್ನೆಯಿಂದಲ್ಲ, 90ರಿಂದ ಶುರು! 91ಕ್ಕೂ 93ಕ್ಕೂ ಆಗುಂಬೆ ಘಾಟಿಯಷ್ಟು ವ್ಯತ್ಯಾಸ ಕಾಣುತ್ತಿತ್ತು. ಪ್ರೋಗ್ರಾಂ ಎಷ್ಟು ಸಲ ಓಡಿಸಿದ ಸರಾಸರಿ ಅಂತಾನೂ ಬರೆದಿಲ್ಲ.

"ಹಾಗಾದ್ರೆ ನಾನೇ ಕೋಡ್ ಓಡಿಸಿ ನೋಡ್ಲಾ ಮಾವ?"

ಈ ಪ್ರಶ್ನೆ ಕೇಳಿ ತುಂಬಾ ಖುಷಿಯಾಯ್ತು. ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗೋ ಅಂಕೆ), ಡೇಟಾ, ಕೋಡ್ ಬಳಸೋ ಲೈಬ್ರರಿಗಳ (ಸಿದ್ಧ ಕೋಡ್ ಕಟ್ಟುಗಳ) ವರ್ಷನ್ ಎಲ್ಲಾ ಆವತ್ತಾವತ್ತೇ ಬರೆದಿಟ್ಕೋ ಅಂದಿದ್ದೀನಿ.