ಮೊದಲು ಕೆಲಸವೇನೆಂದು ಕೇಳುತ್ತಿದ್ದ ನಮ್ಮ ಡಾಕ್ಟರು

ಎಂಬತ್ತರ ದಶಕದಲ್ಲಿ ಕೊಪ್ಪದಲ್ಲಿ ಪ್ರೌಢಶಾಲೆ ಓದಿದ ನಮ್ಮ ತಲೆಮಾರಿನವರು ಶಾಲೆಯನ್ನು ನೆನೆದಾಗಲೆಲ್ಲ ನಮ್ಮ ಮೇಷ್ಟರುಗಳ ಜೊತೆಗೆ ಇನ್ನೊಬ್ಬರನ್ನೂ ನೆನೆಯುತ್ತೇವೆ. ಅವರು ಶಾಲೆಯ ಹಾಜರಿ ಪುಸ್ತಕದಲ್ಲಿ ಎಂದೂ ಸಹಿ ಮಾಡಿದವರಲ್ಲ, ಸಂಬಳ ಪಡೆದವರಲ್ಲ. ಪೇಟೆಯಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಆ ಡಾಕ್ಟರು ಪ್ರತಿವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಗೆ ಬಂದು ಎಲ್ಲ ಮಕ್ಕಳನ್ನೂ ಪರೀಕ್ಷಿಸುತ್ತಿದ್ದರು, ನಡುನಡುವೆ ಬಂದು ಆರೋಗ್ಯದ ಪಾಠ ಹೇಳುತ್ತಿದ್ದರು. ತಮ್ಮ ಹೆಸರು ಅಚ್ಚಾಗುವುದನ್ನು ಬದುಕಿದ್ದಾಗಲೂ ಅವರು ಒಪ್ಪುತ್ತಿರಲಿಲ್ಲವಾದ್ದರಿಂದ ಇಲ್ಲಿಯೂ ಬರೆಯುತ್ತಿಲ್ಲ. ನಮ್ಮ ಊರಿನವರಿಗೆ ಅದರ ಅಗತ್ಯವೂ ಇಲ್ಲ.

ಅವರ ವಿಷಯ ಬಂದಾಗ ಎಲ್ಲರೂ ಮೊದಲು ಹೇಳುವುದು ಬಡವರಿಂದ ಅವರು ದುಡ್ಡು ಮುಟ್ಟುತ್ತಿರಲಿಲ್ಲ ಎಂಬ ಮಾತನ್ನು. ಅದು ನಿಜವೇ. ಆದರೆ ಕೊಡಲು ಶಕ್ತಿಯಿದ್ದವರಿಂದ ಅವರು ಫೀಸನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಿದ್ದರು, ಹಾಗೆ ಬಂದ ಹಣದಲ್ಲೇ ಉಳಿದವರ ಔಷಧಿಯ ಖರ್ಚು ನಡೆಯುತ್ತಿತ್ತು. ದಾನಿಯೆಂದಷ್ಟೇ ಅವರನ್ನು ಹೊಗಳಿ ಮುಗಿಸಿದರೆ ಅವರ ದುಡಿಮೆಯ ಮುಖ್ಯ ಭಾಗವನ್ನೇ ಮರೆತಂತೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮನೆ, ಕೆಲಸ, ನೀರು, ದಾರಿ ಇವುಗಳನ್ನು ತಿಳಿಯದೆ ರೋಗಿಯನ್ನು ತಿಳಿಯಲಾಗದು ಎಂಬ ನಂಬಿಕೆಯನ್ನು ಅವರು ದಿನಾ ಪಾಲಿಸಿದರು. ದವಾಖಾನೆಯ ಬೆಂಚಿನಿಂದ ಎದ್ದು ಒಳಗೆ ಹೋದವರಿಗೆ ನಾಡಿ ಹಿಡಿಯುವುದಕ್ಕೆ ಮುಂಚೆಯೇ, "ಎಲ್ಲಿಂದ ಬಂದ್ರಿ? ಏನು ಕೆಲಸ? ಕುಡಿಯೋ ನೀರು ಬಾವಿದೋ, ಹಳ್ಳದ್ದೋ?" ಎಂಬ ಪ್ರಶ್ನೆಗಳು ಎದುರಾಗುತ್ತಿದ್ದವು. ಉತ್ತರಗಳನ್ನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಮನೆಮನೆಗೆ ಒಂದು ಪುಟದಂತೆ ಬರೆದಿಡುತ್ತಿದ್ದರು. ಅತ್ತೆಗೆ ಕೆಮ್ಮು ಬಂದ ವರ್ಷ ಸೊಸೆಯ ಕೂಸಿಗೆ ಏನಾಗಿತ್ತು ಎಂಬುದು ಒಂದೇ ಪುಟದಲ್ಲಿ ಸಿಗುತ್ತಿತ್ತು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಜೊತೆ ಒಬ್ಬ ಹುಡುಗಿ ಇದ್ದಳು. ದೂರದ ತೋಟದ ಲೈನಿನಿಂದ, ಅಂದರೆ ಕೂಲಿಯವರ ಮನೆಗಳ ಸಾಲಿನಿಂದ, ಬರಿಗಾಲಲ್ಲಿ ನಡೆದು ಬರುತ್ತಿದ್ದ ಆಕೆ ಎರಡನೆಯ ಪೀರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಳು, ಸೋಮಾರಿ ಎಂದು ದಿನವೂ ಬೈಸಿಕೊಳ್ಳುತ್ತಿದ್ದಳು. ತಪಾಸಣೆಯ ದಿನ ಡಾಕ್ಟರು ಆಕೆಯ ಕೆಳಗಿನ ಕಣ್ಣರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿ ನೋಡಿದರು. ನಂತರ ಮೇಷ್ಟರನ್ನು ಹತ್ತಿರ ಕರೆದು, ಪಕ್ಕದಲ್ಲಿ ನಿಂತಿದ್ದ ನನ್ನ ರೆಪ್ಪೆಯನ್ನೂ ಹಾಗೆಯೇ ಜಗ್ಗಿ ಎರಡನ್ನೂ ತೋರಿಸಿದರು. ಒಂದು ಕೆಂಪಗಿತ್ತು, ಇನ್ನೊಂದು ಕಾಗದದಷ್ಟು ಬಿಳಿಚಿಕೊಂಡಿತ್ತು. "ಈ ಮಗು ಸೋಮಾರಿ ಅಲ್ಲ ಮೇಷ್ಟ್ರೇ, ಮೈಯಲ್ಲಿ ರಕ್ತ ಇಲ್ಲ" ಎಂದರು. ಆಮೇಲೆ ನಮ್ಮೆಲ್ಲರಿಗೂ ಕೊಕ್ಕೆ ಹುಳುವಿನ ವಿಚಾರ ಹೇಳಿದರು. ಬಯಲಲ್ಲಿ ಬಿದ್ದ ಮಲದ ಮೊಟ್ಟೆಗಳು ತೋಟದ ನೆರಳಿನ ಹಸಿ ಮಣ್ಣಿನಲ್ಲಿ ಮರಿಯಾಗಿ, ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆಂದು ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಹುಡುಗಿಗೆ ಹುಳುವಿನ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆ ಕೊಟ್ಟದ್ದಲ್ಲದೆ, ಮುಂದಿನ ಭಾನುವಾರ ಆ ತೋಟಕ್ಕೇ ಹೋಗಿ ಮಾಲೀಕರ ಜೊತೆ ಲೈನಿನ ಕಕ್ಕಸಿನ ವಿಷಯ ಮಾತಾಡಿದರು. ತೋಟದ ಕೂಲಿಯವರಿಗೆ ಕುಡಿಯುವ ನೀರು, ಕಕ್ಕಸು, ವೈದ್ಯಕೀಯ ಸೌಲಭ್ಯಗಳನ್ನು ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಆದರೆ ಸಣ್ಣ ಹಿಡುವಳಿಗಳು ಆ ಕಾಯ್ದೆಯ ಹೊರಗೇ ಉಳಿದವು. ಅಂಥ ಕಡೆ ಕಾನೂನಿನ ಬಲವಿಲ್ಲದೆ ಬರಿಯ ಮಾತಿನಿಂದಲೇ ಅವರು ಕೆಲಸ ಮಾಡಿಸಬೇಕಿತ್ತು, ಮಾಡಿಸುತ್ತಿದ್ದರು ಕೂಡ.

ಮಳೆಗಾಲದ ಮೊದಲ ವಾರಗಳಲ್ಲಿ ಹಳ್ಳದ ನೀರು ಕೆಂಪಾದಾಗ ವಾಂತಿಭೇದಿ ಬರುತ್ತಿತ್ತು. ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಈ ಲೆಕ್ಕವನ್ನು ಅವರು ನಮಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಸಕ್ಕರೆಯ ಜೊತೆ ಹೋದರೆ ಉಪ್ಪನ್ನೂ ನೀರನ್ನೂ ಕರುಳು ಹೀರಿಕೊಳ್ಳುತ್ತದೆ, ಭೇದಿ ನಿಲ್ಲದಿದ್ದರೂ ಮಗು ಒಣಗುವುದಿಲ್ಲ ಎಂಬ ಕಾರಣವನ್ನೂ ಹೇಳಿದ್ದರು. ಉಪ್ಪು ಹೆಚ್ಚಾದರೆ ಅಪಾಯವೆಂದು ಗೊತ್ತಿದ್ದುದರಿಂದ ಅಳತೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಮನೆಯ ಚೊಂಬನ್ನು ಶಾಲೆಗೆ ತರಲು ಹೇಳಿ, ಒಂದು ಲೀಟರ್ ನೀರು ಸುರಿದು, ಅದು ನಿಂತ ಮಟ್ಟಕ್ಕೆ ಮೊಳೆಯಿಂದ ಗೀರು ಹಾಕಿ ಕೊಡುತ್ತಿದ್ದರು. ನಮ್ಮ ಮನೆಯ ಹಿತ್ತಾಳೆ ಚೊಂಬಿನ ಕಂಠದ ಕೆಳಗೆ ಆ ಗೀರು ಇತ್ತು. ಓದು ಬಾರದ ಅಜ್ಜಿಯೂ ಅದನ್ನು ನೋಡಿಕೊಂಡು ನೀರು ಬೆರೆಸುತ್ತಿದ್ದರು.

ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತಬೇಡಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆದು ಸೀದಾ ಆಸ್ಪತ್ರೆಗೆ ಬನ್ನಿ ಎಂದು ಅವರು ಹೇಳದ ವರ್ಷವಿಲ್ಲ. ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುವ ಹಳೆಯ ಲಸಿಕೆಗೆ ಹೆದರಿ ಜನ ನಾಟಿ ಮದ್ದಿನ ಹಿಂದೆ ಹೋಗುತ್ತಿದ್ದ ಕಾಲವದು.

ಅವರು ಬಹಳ ಚಿಂತೆಯಿಂದ ಮಾತಾಡುತ್ತಿದ್ದುದು ಮಂಗನ ಕಾಯಿಲೆಯ ಬಗ್ಗೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ಕಾಯಿಲೆ ಮುಂದೆ ನಮ್ಮ ಜಿಲ್ಲೆಯ ಕಾಡಂಚಿಗೂ ಹಬ್ಬಿತು. ಮಂಗ, ಮುಸಿಯಗಳು ಸತ್ತಾಗ ಅವುಗಳ ಮೈಮೇಲಿನ ಉಣುಗುಗಳು ಉದುರಿ ಆ ಜಾಗದ ತರಗೆಲೆಯಲ್ಲಿ ಉಳಿಯುತ್ತವೆ. ಕೊಟ್ಟಿಗೆಗೆ ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೋದ ಹೆಂಗಸರನ್ನು ಅವು ಕಚ್ಚುತ್ತವೆ. ಬೇಸಗೆಯಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಎಂದು ಬಂದವರನ್ನು "ದರಗಿಗೆ ಹೋಗಿದ್ರಾ? ಎಲ್ಲಾದ್ರೂ ಸತ್ತ ಮಂಗ ಕಂಡಿತ್ತಾ?" ಎಂದು ಅವರು ತಪ್ಪದೆ ಕೇಳುತ್ತಿದ್ದರು. ಈ ವೈರಸ್ಸಿಗೆ ನಿಖರವಾದ ಔಷಧವಿಲ್ಲ, ಲಕ್ಷಣಗಳಿಗೆ ತಕ್ಕ ಆರೈಕೆಯೊಂದೇ ದಾರಿ. ಹಾಗಾಗಿ ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡಿಎಂಪಿ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಕುದಿಸುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದು ಇವನ್ನೆಲ್ಲ ನಮ್ಮ ಮೂಲಕ ಮನೆಗಳಿಗೆ ತಲುಪಿಸಿದರು. ಕೇಳಿಸಿಕೊಂಡು ಬಂದದ್ದನ್ನು ಮನೆಯಲ್ಲಿ ಹೇಳಿದೆವೋ ಇಲ್ಲವೋ ಎಂಬುದನ್ನು ಪೇಟೆಯಲ್ಲಿ ಸಿಕ್ಕಾಗ ನಮ್ಮ ಅಮ್ಮಂದಿರನ್ನೇ ವಿಚಾರಿಸಿ ತಿಳಿದುಕೊಳ್ಳುತ್ತಿದ್ದರು.

ಇಷ್ಟರ ನಡುವೆ ರಾತ್ರಿ ಬಾಗಿಲು ತಟ್ಟಿದವರ ಜೊತೆ ಜೀಪು ಹತ್ತಿ ಹೋಗುವುದೂ ಇತ್ತು, ಕಾಫಿ ಕೊಯ್ಲಿನ ಕಾಲಕ್ಕೆ ಬಯಲುಸೀಮೆಯಿಂದ ಬಂದ ಕೂಲಿಯವರ ಮಕ್ಕಳಿಗೆ ಲಸಿಕೆ ತಪ್ಪದಂತೆ ನೋಡಿಕೊಳ್ಳುವುದೂ ಇತ್ತು. 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾದಾಗ ಆ ಮಕ್ಕಳು ಯಾವ ಊರಿನ ಪಟ್ಟಿಯಲ್ಲೂ ಸಿಗುವುದಿಲ್ಲವೆಂದು ತಿಳಿದು, ತಮ್ಮ ಪುಸ್ತಕಗಳಿಂದ ತೋಟವಾರು ಹೆಸರು ಬರೆದು ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಗೆ ಕೊಟ್ಟರು. ದೇಶವನ್ನು ಪೋಲಿಯೋಮುಕ್ತವೆಂದು ಪ್ರಮಾಣೀಕರಿಸಿದ 2014ರ ಮಾರ್ಚ್ ತಿಂಗಳನ್ನು ನೋಡಲು ಅವರು ಇರಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದವರು ಅವರೇ.

ಅವರ ನಂತರ ನಿಂತುಹೋಗಿದ್ದ ವಾರ್ಷಿಕ ತಪಾಸಣೆಯನ್ನು ನಮ್ಮಲ್ಲೇ ವೈದ್ಯರಾದ ಹಳೆಯ ವಿದ್ಯಾರ್ಥಿಗಳು ಈ ವರ್ಷ ಮತ್ತೆ ಆರಂಭಿಸುತ್ತಿದ್ದಾರೆ. ಅವರು ಸಿದ್ಧಪಡಿಸಿದ ನಮೂನೆಯನ್ನು ನೋಡಿದೆ. ಎತ್ತರ, ತೂಕ, ಹಲ್ಲು, ಕಣ್ಣು ಎಲ್ಲಕ್ಕೂ ಅಂಕಣಗಳಿವೆ. ಕುಡಿಯುವ ನೀರಿಗೆ, ಶಾಲೆಗೆ ನಡೆಯುವ ದಾರಿಗೆ, ತಂದೆತಾಯಿಯ ಕೆಲಸಕ್ಕೆ ಅಂಕಣಗಳಿಲ್ಲ. ಅಚ್ಚಿಗೆ ಹೋಗುವ ಮುನ್ನ ಆ ಮೂರನ್ನೂ ಸೇರಿಸಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ. ತುಂಬಿಸಿಕೊಳ್ಳುವ ಕೆಲಸಕ್ಕೆ ಮೇಲಿನ ತರಗತಿಯ ಮಕ್ಕಳನ್ನೇ ಹಚ್ಚಿದರೆ ಒಳ್ಳೆಯದು.