ಸಪೋರ್ಟ್ ಪಾತ್ರಕ್ಕೆ ವಿಷ ಉಪಯೋಗ ಉಂಟಾ?

ಮೇಜಿನ ಸುತ್ತ ಕೂತು ಆಡುವ ನಮ್ಮ ದಾಳದ ಆಟಕ್ಕೆ ಹೊಸದಾಗಿ ಸೇರಿದವರು ಮೂರನೇ ವಾರಕ್ಕೋ ನಾಲ್ಕನೇ ವಾರಕ್ಕೋ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅಣ್ಣ, ನನ್ನದು ಕ್ಲೆರಿಕ್. ಹೊಡೆದರೆ ತಾಗುವುದಿಲ್ಲ, ತಾಗಿದರೂ ಅವರಿಗೆ ಏನೂ ಆಗುವುದಿಲ್ಲ. ಒಂದು ಬಾಟಲಿ ವಿಷ ತಗೊಂಡ್ರೆ ಉಪಯೋಗ ಉಂಟಾ?"

ಉಂಟು. ಆದರೆ ನೀವು ಅಂದುಕೊಂಡಲ್ಲಿ ಅಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಕಾಸರಗೋಡಿನವರಿಗೆ ವಿವರಿಸುವುದು ಸುಲಭ: ತಾಳಮದ್ದಳೆಯ ಹಾಗೆಯೇ, ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಎಲ್ಲ ಮಾತು. ಒಬ್ಬ ಕತೆ ನಡೆಸುತ್ತಾನೆ, ಅವನು ಡಿಎಂ, ಅಂದರೆ ಡಂಜನ್ ಮಾಸ್ಟರ್. ನಮ್ಮಲ್ಲಿ ಅದು ನಾನು. ಉಳಿದವರದ್ದು ಒಂದೊಂದು ಪಾತ್ರ. ತಾಳಮದ್ದಳೆಯಲ್ಲಿ ಕೊನೆಗೆ ಗೆಲ್ಲುವುದು ಯಾರೆಂದು ಪ್ರಸಂಗದಲ್ಲೇ ಇದೆ. ಇಲ್ಲಿ ಅದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸಪೋರ್ಟ್ ಪಾತ್ರ ಅಂದರೆ ಹಿಮ್ಮೇಳ. ತಾನು ಕೊಲ್ಲುವುದಕ್ಕಿಂತ ಬೇರೆಯವರನ್ನು ಉಳಿಸುವುದು, ಅವರ ಕೈ ಗಟ್ಟಿ ಮಾಡುವುದು ಅದರ ಕೆಲಸ. ಮಂತ್ರದಿಂದ ಗಾಯ ಮಾಯಿಸುವ ಪೂಜಾರಿ ಕ್ಲೆರಿಕ್ ಅಂಥದ್ದೊಂದು ಪಾತ್ರ.

ನಾವು ಇನ್ನೂ 2014ರ ಐದನೇ ಆವೃತ್ತಿಯ ನಿಯಮದಲ್ಲೇ ಆಡುತ್ತೇವೆ. ಹಾಗಾಗಿ ಲೆಕ್ಕವೆಲ್ಲ ಅದರದ್ದೇ.

ಮೊದಲು ಎಲ್ಲರೂ ಕೊಳ್ಳುವ ವಿಷ ನೋಡೋಣ. ಪುಸ್ತಕದಲ್ಲಿ ಅದರ ಹೆಸರು ಬೇಸಿಕ್ ಪಾಯ್ಸನ್. ಬೆಲೆ 100 ಗೋಲ್ಡ್, ಅಂದರೆ ಆಟದೊಳಗಿನ ಚಿನ್ನದ ನಾಣ್ಯ. ಕತ್ತಿಗೆ ಇಲ್ಲವೇ ಮೂರು ಬಾಣಕ್ಕೆ ಹಚ್ಚಬಹುದು. ಹಚ್ಚುವುದಕ್ಕೇ ಒಂದು ಆ್ಯಕ್ಷನ್ ಹೋಗುತ್ತದೆ, ಅಂದರೆ ಆ ಟರ್ನ್‌ನಲ್ಲಿ ನೀವು ಬೇರೇನೂ ಮಾಡಿದ ಹಾಗಲ್ಲ. ಒಂದು ನಿಮಿಷಕ್ಕೆ ಒಣಗುತ್ತದೆ. ತಾಗಿದ ಶತ್ರು ಡಿಸಿ 10ರ ಸೇವ್ ಹಾಕಬೇಕು, ಅಂದರೆ ಇಪ್ಪತ್ತು ಮುಖದ ದಾಳಕ್ಕೆ ಮೈಗಟ್ಟಿತನದ ಅಂಕ ಸೇರಿಸಿ ಹತ್ತು ಮುಟ್ಟಿದರೆ ಬಚಾವು. ತಪ್ಪಿದರೆ ಒಂದು ಡಿ4 (ನಾಲ್ಕು ಮುಖದ ದಾಳ) ಡ್ಯಾಮೇಜ್, ಸರಾಸರಿ ಎರಡೂವರೆ. ಗಾಬ್ಲಿನ್ ಎಂಬ ಸಾಧಾರಣ ಕಿರು ರಾಕ್ಷಸಜೀವಿ ಕೂಡ ನೂರಕ್ಕೆ 55 ಸಲ ಆ ಸೇವ್ ಗೆಲ್ಲುತ್ತದೆ. ಉಳಿಯುವುದು ಪ್ರತಿ ಏಟಿಗೆ ಒಂದು ಪಾಯಿಂಟ್ ಚಿಲ್ಲರೆ. ಅದೂ ಏಟು ತಾಗಿದರೆ!

ಅದೇ 100 ಗೋಲ್ಡಿಗೆ ಎರಡು ಹೀಲಿಂಗ್ ಪೋಷನ್ ಬರುತ್ತದೆ. ಒಂದೊಂದರಿಂದ ಸರಾಸರಿ ಏಳು ಪಾಯಿಂಟ್ ಜೀವ. ಹದಿನಾಲ್ಕು ಎಲ್ಲಿ, ಒಂದು ಚಿಲ್ಲರೆ ಎಲ್ಲಿ. ಹಿಮ್ಮೇಳದವನು ಬೇಸಿಕ್ ಪಾಯ್ಸನ್‌ಗೆ ದುಡ್ಡು ಹಾಕುವುದು ದಂಡ. 2024ರ ಹೊಸ ಪುಸ್ತಕದಲ್ಲಿ ಸ್ವಲ್ಪ ಸುಧಾರಿಸಿದ್ದಾರೆ. ಹಚ್ಚಲು ಬೋನಸ್ ಆ್ಯಕ್ಷನ್ (ಆ್ಯಕ್ಷನ್ ಅಲ್ಲದೆ ಸಿಗುವ ಸಣ್ಣ ಅವಕಾಶ) ಸಾಕು, ಸೇವ್ ಕೂಡ ಇಲ್ಲ. ಆದರೂ ಸಿಗುವುದು ಒಂದು ಡಿ4, ಅದೂ ಒಂದೇ ಸಲ. ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ.

ಹಾಗಾದರೆ ಉಪಯೋಗ ಎಲ್ಲಿ ಅಂದರೆ, ಡ್ಯಾಮೇಜಿನಲ್ಲಿ ಅಲ್ಲ, ಅಮಲಿನಲ್ಲಿ. ಕೆಲವು ವಿಷಗಳು ಶತ್ರುವನ್ನು "ಪಾಯ್ಸನ್ಡ್" ಸ್ಥಿತಿಗೆ ತರುತ್ತವೆ. ಆ ಸ್ಥಿತಿಯಲ್ಲಿ ಅವನ ಎಲ್ಲ ಏಟಿಗೂ ಡಿಸ್‌ಅಡ್ವಾಂಟೇಜ್. ಎರಡು ದಾಳ ಹಾಕಿ ಸಣ್ಣದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಗರ್ ಎಂಬ ದೈತ್ಯನನ್ನು ತೆಗೆದುಕೊಳ್ಳಿ. ಅವನ ಗದೆ ತಾಗಿದರೆ ಸರಾಸರಿ 13 ಪಾಯಿಂಟ್ ಹೋಗುತ್ತದೆ. ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕ) 16 ಇರುವ ಫೈಟರ್‌ಗೆ ಅವನ ಏಟು ನೂರರಲ್ಲಿ 55 ಸಲ ತಾಗುತ್ತದೆ. ಅಮಲೇರಿದ ಮೇಲೆ 30 ಸಲ. ಒಂದು ಟರ್ನ್‌ಗೆ ಮೂರು ಪಾಯಿಂಟ್‌ಗಿಂತ ಜಾಸ್ತಿ ಉಳಿತಾಯ. ನಾಲ್ಕು ಟರ್ನ್ ನಡೆದರೆ ಒಂದೆರಡು ಹೀಲಿಂಗ್ ಮಂತ್ರ ಉಳಿದ ಹಾಗೆ. ಗಾಯ ಆದ ಮೇಲೆ ಕಟ್ಟುವುದಕ್ಕಿಂತ ಆಗದ ಹಾಗೆ ನೋಡಿಕೊಳ್ಳುವುದು ಅಗ್ಗ, ಅಲ್ವಾ?

ಇನ್ನೂ ಒಂದುಂಟು, ಇದನ್ನು ಹಳೇ ಆಟಗಾರರೂ ಗಮನಿಸುವುದಿಲ್ಲ. ಕ್ಲೆರಿಕ್‌ನ ಒಳ್ಳೊಳ್ಳೆಯ ಮಂತ್ರಗಳಿಗೆ, ನಮ್ಮವರ ದಾಳಕ್ಕೆ ಬಲ ಕೊಡುವ ಬ್ಲೆಸ್ ಇರಲಿ ಶತ್ರುವನ್ನು ಅಲುಗದಂತೆ ನಿಲ್ಲಿಸುವ ಹೋಲ್ಡ್ ಪರ್ಸನ್ ಇರಲಿ, ಕಾನ್ಸಂಟ್ರೇಶನ್ ಬೇಕು. ಒಂದನ್ನು ಹಿಡಿದುಕೊಂಡರೆ ಇನ್ನೊಂದನ್ನು ಬಿಡಬೇಕು. ವಿಷಕ್ಕೆ ಅದು ಬೇಡ. ಸ್ಪೆಲ್ ಸ್ಲಾಟ್, ಅಂದರೆ ದಿನಕ್ಕೆ ಇಷ್ಟೇ ಅಂತ ಇರುವ ಮಂತ್ರದ ಲೆಕ್ಕ, ಅದೂ ಬೇಡ. ಬ್ಲೆಸ್ ಹಿಡಿದುಕೊಂಡೇ ಶತ್ರುವಿನ ಕೈ ನಡುಗಿಸಬಹುದು. ಸಪೋರ್ಟ್ ಪಾತ್ರಕ್ಕೆ ವಿಷದ ನಿಜವಾದ ಬೆಲೆ ಇರುವುದು ಇಲ್ಲಿ.

ಒಂದು ತಪ್ಪು ತಿಳುವಳಿಕೆ ಇದೆ. "ಮೊದಲು ವಿಷ ಹಾಕ್ತೇನೆ, ಆಮೇಲೆ ಹೋಲ್ಡ್ ಪರ್ಸನ್ ಸುಲಭ" ಅಂತ ತುಂಬ ಜನ ಲೆಕ್ಕ ಹಾಕುತ್ತಾರೆ. ಆಗುವುದಿಲ್ಲ. ಪಾಯ್ಸನ್ಡ್ ಸ್ಥಿತಿ ಸೇವಿಂಗ್ ಥ್ರೋವನ್ನು, ಅಂದರೆ ಆ ಮಂತ್ರದಿಂದ ಪಾರಾಗಲು ಹಾಕುವ ಸೇವನ್ನು, ಮುಟ್ಟುವುದಿಲ್ಲ. ಅದು ಮುಟ್ಟುವುದು ಏಟನ್ನು ಮತ್ತು ಎಬಿಲಿಟಿ ಚೆಕ್ಕನ್ನು. ಆ ಎರಡನೆಯದ್ದು ಸಣ್ಣದಲ್ಲ. ತಳ್ಳುವುದು, ಹಿಡಿದು ನಿಲ್ಲಿಸುವುದು ಎಲ್ಲ ಚೆಕ್ಕೇ.

ನಮ್ಮ ಮೇಜಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಾನು ಕತೆಗಳನ್ನು ಆದಷ್ಟು ಇಲ್ಲಿಯ ಜಾಗಗಳಲ್ಲೇ ಕಟ್ಟುತ್ತೇನೆ. ಡಂಜನ್ ಬೇಕಾದರೆ ಯುರೋಪಿನ ಕೋಟೆಗೆ ಯಾಕೆ ಹೋಗಬೇಕು? ಮುರಕಲ್ಲಿನ ಗುಡ್ಡೆ ಕೊರೆದು ನೀರು ತೆಗೆಯುವ ಸುರಂಗ ನಮ್ಮ ತೋಟಗಳಲ್ಲೇ ಇದೆ. ಕತ್ತಲೆ, ಒಬ್ಬ ಮಾತ್ರ ಹೋಗುವಷ್ಟು ಅಗಲ, ಕಾಲಡಿಯಲ್ಲಿ ನೀರು, ತಲೆ ಮೇಲೆ ಬಾವಲಿ. ಆ ದಿನ ಸುರಂಗದ ಬಾಯಿಯಲ್ಲಿ ಒಬ್ಬ ಒಗರ್ ಕೂತಿದ್ದ, ಪಕ್ಕದಲ್ಲಿ ಕಟ್ಟೆ ಇಲ್ಲದ ಬಾವಿ. ನಮ್ಮ ಕ್ಲೆರಿಕ್ ಕಾಲೇಜಿಗೆ ಹೋಗುವ ಹುಡುಗಿ. ಹಿಂದಿನ ವಾರ ಸಿಕ್ಕಿದ ಒಂದು ಡೋಸ್ ಡ್ರೌ ಪಾಯ್ಸನ್ ಅವಳ ಚೀಲದಲ್ಲಿತ್ತು. ಅದನ್ನು ತನ್ನ ಆಯುಧಕ್ಕೆ ಹಚ್ಚಲಿಲ್ಲ. ಗುಡ್ಡೆ ಹತ್ತುವ ಮೊದಲೇ ರೋಗ್ (ಚುರುಕಿನ ಕಳ್ಳನ ಪಾತ್ರ) ಆಡುವ ಅವಳ ಭಾವನ ಬಾಣಕ್ಕೆ ಹಚ್ಚಿಕೊಟ್ಟಳು. "ಇದನ್ನು ಸುಮ್ನೆ ಬಿಡಬೇಡಿ ಭಾವ, ದೊಡ್ಡವನಿಗೇ ಬಿಡಿ."

ಡ್ರೌ ವಿಷದ ಡಿಸಿ 13. ತಪ್ಪಿದರೆ ಒಂದು ಗಂಟೆ ಪಾಯ್ಸನ್ಡ್. ಐದು ಅಥವಾ ಅದಕ್ಕಿಂತ ಜಾಸ್ತಿ ಅಂತರದಲ್ಲಿ ತಪ್ಪಿದರೆ ಪ್ರಜ್ಞೆಯೇ ಇಲ್ಲ. ಬಾಣ ತಾಗಿತು. ನಾನು ದಾಳ ಹಾಕಿದೆ: ಆರು. ಒಗರ್‌ನ ಮೂರು ಸೇರಿಸಿ ಒಂಬತ್ತು. ಇನ್ನೊಂದು ಕಮ್ಮಿ ಬಿದ್ದಿದ್ದರೆ ಅಲ್ಲೇ ಮಲಗುತ್ತಿದ್ದ. ಮಲಗಲಿಲ್ಲ, ತೂರಾಡಿದ. ಕ್ಲೆರಿಕ್ ತನ್ನ ಟರ್ನ್‌ನಲ್ಲಿ ಬ್ಲೆಸ್ ಹಾಕಿದಳು. ಒಗರ್ ಫೈಟರ್‌ಗೆ ಗದೆ ಬೀಸಿದ. 14 ಮತ್ತು 3. ಮೂರೇ ಲೆಕ್ಕ, ತಾಗಲಿಲ್ಲ. ಇನ್ನೊಮ್ಮೆ, 17 ಮತ್ತು 8. ಆಗಲೂ ಇಲ್ಲ. ಎರಡು ಸಲವೂ ದೊಡ್ಡ ದಾಳ ನೋಡಿ ಹುಡುಗಿ ನಗುತ್ತಿದ್ದಳು, ನಾನು ಹಲ್ಲು ಕಚ್ಚುತ್ತಿದ್ದೆ. ಮೂರನೇ ಸಲ ತಾಗಿತು. ಆಗ ಫೈಟರ್ ಆಡುವ ಪೆರ್ಲದ ಗೆಳೆಯನಿಗೆ ಬಾವಿ ಕಣ್ಣಿಗೆ ಬಿತ್ತು. "ಹೊಡೆಯುವುದಿಲ್ಲ ಮಾರಾಯ, ತಳ್ಳುತ್ತೇನೆ." ತಳ್ಳಾಟ ಎಬಿಲಿಟಿ ಚೆಕ್, ಒಗರ್‌ಗೆ ಅಲ್ಲೂ ಡಿಸ್‌ಅಡ್ವಾಂಟೇಜ್. 18 ಬಿದ್ದಿತ್ತು, ಜೊತೆಗೆ 4 ಬಿದ್ದಿತ್ತು. 59 ಪಾಯಿಂಟ್ ಜೀವದ ದೈತ್ಯ ಬಾವಿಗೆ ಬಿದ್ದ. ವಿಷದಿಂದ ಅವನಿಗೆ ಆದ ಡ್ಯಾಮೇಜ್ ಸೊನ್ನೆ.

ಈ ಕತೆಯಲ್ಲಿ ಎರಡು ವಿಷಯ ನೋಡಿ. ವಿಷವನ್ನು ಗುರಿ ಇರುವವನ ಕೈಗೆ ಕೊಟ್ಟದ್ದು ಒಂದು. ಸಪೋರ್ಟ್ ಪಾತ್ರದ ಏಟು ತಾಗದಿದ್ದರೆ 200 ಗೋಲ್ಡಿನ ಡೋಸ್ ಅವಳ ಕೈಯಲ್ಲಿ ಇದ್ದು ಏನು ಪ್ರಯೋಜನ? ಇನ್ನೊಂದು, ಜಗಳ ಶುರುವಾಗುವ ಮೊದಲೇ ಹಚ್ಚಿದ್ದು. ನಮ್ಮ ಕಡೆ ಅಡಿಕೆಗೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುತ್ತೇವಲ್ಲ, ಅದನ್ನು ಮಳೆ ಹಿಡಿಯುವ ಮೊದಲು ಬಿಡಬೇಕು. ಕೊಳೆರೋಗ ಬಂದು ಕಾಯಿ ಉದುರುವಾಗ ಏಣಿ ಹುಡುಕಿದರೆ ಆಗುವುದಿಲ್ಲ. ಇದೂ ಹಾಗೆಯೇ. ಬೇಸಿಕ್ ಪಾಯ್ಸನ್ ಒಂದು ನಿಮಿಷಕ್ಕೆ ಒಣಗುತ್ತದೆ ನಿಜ. ಆದರೆ ಡಿಎಂ ಪುಸ್ತಕದಲ್ಲಿರುವ ಗಾಯದ ವಿಷಗಳು ಗಾಯಕ್ಕೆ ಇಳಿಯುವವರೆಗೆ ಅಥವಾ ತೊಳೆದು ಹೋಗುವವರೆಗೆ ಇರುತ್ತವೆ. ಬೆಳಗ್ಗೆ ಹಚ್ಚಿಟ್ಟರೆ ಸಂಜೆಗೂ ಇದೆ. ಸುರಂಗದ ನೀರಿಗೆ ಬೀಳಿಸಬೇಡಿ, ಅಷ್ಟೇ.

ಜಗಳದ ನಡುವೆಯೇ ಹಚ್ಚಬೇಕೆಂದಿದ್ದರೆ ಪಾಯ್ಸನರ್ ಎಂಬ ಫೀಟ್, ಅಂದರೆ ಪಾತ್ರಕ್ಕೆ ಸೇರಿಸುವ ವಿಶೇಷ ಸಾಮರ್ಥ್ಯ, ತೆಗೆದುಕೊಳ್ಳಬೇಕು. 2020ರ ಪುಸ್ತಕದಲ್ಲಿ ಬಂದದ್ದು. ಹಚ್ಚಲು ಬೋನಸ್ ಆ್ಯಕ್ಷನ್ ಸಾಕು. ಒಂದು ಗಂಟೆ ಕೂತು 50 ಗೋಲ್ಡ್ ಖರ್ಚು ಮಾಡಿದರೆ ಎರಡೋ ಮೂರೋ ಡೋಸ್ ನೀವೇ ಮಾಡಿಕೊಳ್ಳಬಹುದು. ಡಿಸಿ 14, ಎರಡು ಡಿ8 ಡ್ಯಾಮೇಜ್, ಜೊತೆಗೆ ನಿಮ್ಮ ಮುಂದಿನ ಟರ್ನ್ ಮುಗಿಯುವವರೆಗೆ ಪಾಯ್ಸನ್ಡ್. ಒಳ್ಳೆಯದೇ. ಆದರೆ ಫೀಟ್ ಸಿಗುವುದು ಅಪರೂಪ, ಕ್ಲೆರಿಕ್‌ಗೆ ಅದಕ್ಕಿಂತ ಅಗತ್ಯದ್ದು ಬೇರೆ ಇದೆ. ಬಾಣ ಬಿಡುವ ಬಾರ್ಡ್ (ಹಾಡುಗಾರನ ಪಾತ್ರ) ಆಗಿದ್ದರೆ ಯೋಚಿಸಬಹುದು.

ಊಟದಲ್ಲಿ ಹಾಕುವ ವಿಷ, ನಮ್ಮ ಅಜ್ಜಿಯಂದಿರು ಹೇಳುವ ಕೈವಿಷದಂಥದ್ದು, ಆಟದಲ್ಲೂ ಇದೆ. ಮಿಡ್‌ನೈಟ್ ಟಿಯರ್ಸ್ ಎಂಬುದು ನಡುರಾತ್ರಿಯವರೆಗೆ ಸುಮ್ಮನಿದ್ದು ಆಮೇಲೆ ಕೆಲಸ ಮಾಡುತ್ತದೆ. ಕತೆಗೆ ಚಂದ, ಯುದ್ಧಕ್ಕೆ ಅಲ್ಲ. ಕತ್ತಿ ಹಿಡಿದು ಎದುರು ನಿಂತವನಿಗೆ ಪಾಯಸ ಬಡಿಸಲಿಕ್ಕೆ ಆಗುತ್ತದಾ? ಕಾಸರಗೋಡಿಗೆ ಆ ಹೆಸರು ಕಾಸರಕದ ಮರದಿಂದಲೇ ಬಂತು ಅನ್ನುವವರಿದ್ದಾರೆ, ಕಾಸಾರ ಅಂದರೆ ಕೆರೆಯಿಂದ ಬಂತು ಅನ್ನುವವರೂ ಇದ್ದಾರೆ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಒಬ್ಬ ಆಟಗಾರ ಅದನ್ನೇ ಆಟಕ್ಕೆ ತರಲು ಹೊರಟ. ಅದರ ಕಹಿ ಗೊತ್ತುಂಟಾ, ಯಾವ ಶತ್ರು ಎರಡನೇ ತುತ್ತು ತಿನ್ನುತ್ತಾನೆ ಅಂತ ಕೇಳಿದೆ. ಬಿಟ್ಟ.

ಉಸಿರಿನಲ್ಲಿ ಹೋಗುವ ವಿಷದ ಬಗ್ಗೆ ಬೇರೆಯೇ ಹೇಳಬೇಕು. ನಿಯಮದ ಪ್ರಕಾರ ಒಂದು ಡೋಸ್ ಐದಡಿಯ ಚೌಕ ತುಂಬುತ್ತದೆ. ಬಯಲಿನಲ್ಲಿ ಅದು ಏನೂ ಅಲ್ಲ, ಸುರಂಗದಲ್ಲಿ ದಾರಿಯನ್ನೇ ಮುಚ್ಚಿದ ಹಾಗೆ. ಎಸೆನ್ಸ್ ಆಫ್ ಈಥರ್ 300 ಗೋಲ್ಡ್, ಡಿಸಿ 15, ಸೇವ್ ತಪ್ಪಿದರೆ ಎಂಟು ಗಂಟೆ ಪ್ರಜ್ಞೆ ಇಲ್ಲ. ಲೆಕ್ಕದ ಪ್ರಕಾರ ಸಪೋರ್ಟ್ ಪಾತ್ರಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಾನೇ ಒಮ್ಮೆ ಉತ್ಸಾಹದಲ್ಲಿ ಶತ್ರುಗಳ ಕೈಗೆ ಅಂಥದ್ದು ಕೊಟ್ಟೆ. ಗುಡ್ಡೆಯ ಮೇಲಿನಿಂದ ಬಿಳಿ ಹೊಗೆ ಇಳಿದು ಊರಿನ ಮೇಲೆ ಕೂರುತ್ತದೆ ಅಂತ ವಿವರಿಸುತ್ತಿದ್ದೆ. ನಮ್ಮಲ್ಲಿ ಒಬ್ಬನ ಮನೆ ಎಣ್ಮಕಜೆ ಕಡೆ. ಅವನು ದಾಳವನ್ನು ಮೇಜಿನ ಮೇಲಿಟ್ಟು "ಅಣ್ಣ, ಇದೊಂದು ಬೇಡ" ಅಂದ. ಬೇರೇನೂ ಹೇಳಲಿಲ್ಲ.

ಹೇಳಬೇಕಾಗಿಯೂ ಇರಲಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು, ಅದರ ಕೆಳಗಿನ ಎಣ್ಮಕಜೆಯಂಥ ಊರುಗಳಲ್ಲಿ ಹುಟ್ಟಿದ ಮಕ್ಕಳ ಗತಿ, ಯಾರಿಗೆ ಗೊತ್ತಿಲ್ಲ? ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಗೊತ್ತಿದ್ದೂ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಹೊಗೆಯನ್ನು ಮಂಜು ಮಾಡಿ ಆಟ ಮುಂದುವರಿಸಿದೆ. ಆ ದಿನದಿಂದ ನಮ್ಮ ಮೇಜಿನಲ್ಲಿ ಗಾಳಿಯ ವಿಷ ಇಲ್ಲ, ಎರಡೂ ಕಡೆಯವರಿಗೆ. ಸ್ಟಿಂಕಿಂಗ್ ಕ್ಲೌಡ್, ಕ್ಲೌಡ್‌ಕಿಲ್ ಮಂತ್ರಗಳೂ ಇಲ್ಲ. ಬೇರೆ ಊರಿನ ಡಿಎಂ ಒಬ್ಬ ಇದು ಜಾಸ್ತಿ ಆಯಿತು ಅಂದ. ಇರಲಿ.

ಇನ್ನು ದೊಡ್ಡ ತೊಂದರೆ. ವಿಷ ತಾಗದ ಶತ್ರುಗಳೇ ಈ ಆಟದಲ್ಲಿ ತುಂಬ. ಅಸ್ಥಿಪಂಜರ, ಜೋಂಬಿ, ಕಲ್ಲಿನ ಗೊಂಬೆ, ನರಕದ ಡೆವಿಲ್‌ಗಳು, ಯಾರಿಗೂ ಏನೂ ಆಗುವುದಿಲ್ಲ. ಬೆಂಕಿ, ಚಳಿ, ಸಿಡಿಲು ಯಾವುದಕ್ಕೂ ಇಷ್ಟು ಜನ ಬಗ್ಗದೆ ನಿಲ್ಲುವುದಿಲ್ಲ. ಕುಳ್ಳ ಡ್ವಾರ್ಫ್‌ಗಳಿಗೂ ಅರ್ಧ ತಾಗುವುದು. ಅದರ ಮೇಲೆ ವಿಷದ ಡಿಸಿಯೂ ಬೆಳೆಯುವುದಿಲ್ಲ. ನೀವು ಮೂರನೇ ಲೆವೆಲ್‌ನಲ್ಲಿದ್ದರೂ ಹನ್ನೆರಡರಲ್ಲಿದ್ದರೂ ಡ್ರೌ ವಿಷ 13ರಲ್ಲೇ ಇರುತ್ತದೆ, ಎದುರಿನವರ ಮೈ ಮಾತ್ರ ಗಟ್ಟಿಯಾಗುತ್ತಾ ಹೋಗುತ್ತದೆ. ಪರ್ಪಲ್ ವರ್ಮ್ ವಿಷ ಡಿಸಿ 19 ಇದೆ, ಆದರೆ ಒಂದು ಡೋಸಿಗೆ 2000 ಗೋಲ್ಡ್, ಮತ್ತೆ ಅದು ಬರೀ ಡ್ಯಾಮೇಜ್, ಹಿಮ್ಮೇಳದ ಕೆಲಸ ಅಲ್ಲ. ನನ್ನ ಅನುಭವದಲ್ಲಿ ಸಪೋರ್ಟ್ ಪಾತ್ರದ ಕೈಯಲ್ಲಿ ವಿಷ ಚೆನ್ನಾಗಿ ನಡೆಯುವುದು ಏಳೆಂಟನೇ ಲೆವೆಲ್‌ವರೆಗೆ. ಅದೂ ಒಬ್ಬನೇ ದೊಡ್ಡವ ಎದುರಿದ್ದಾಗ. ಹತ್ತು ಗಾಬ್ಲಿನ್ ಮುತ್ತಿಗೆ ಹಾಕಿದರೆ ಬಾಟಲಿಗೆ ಕೈ ಹಾಕಲೇಬೇಡಿ.

ಹಾಗಾಗಿ ಕೊಳ್ಳುವ ಮೊದಲು ಡಿಎಂನ ಬಾಯಿ ಬಿಡಿಸಿ. ಊರಿನವರನ್ನು ವಿಚಾರಿಸಿ, ಮುಂದೆ ಎದುರಾಗುವುದು ರಕ್ತಮಾಂಸ ಇರುವವರಾ ಅಂತ. ನಮ್ಮ ಕ್ಲೆರಿಕ್ ಬಾವಿಯ ಕತೆಯ ನಂತರ ಅದನ್ನು ಮರೆತಿದ್ದಾಳೆ. ಹೋದ ಭಾನುವಾರ ಗುಂಪಿನ ದುಡ್ಡಿನಲ್ಲಿ 400 ಗೋಲ್ಡ್ ಸುರಿದು ಇನ್ನೆರಡು ಡೋಸ್ ಡ್ರೌ ವಿಷ ತೆಗೆದುಕೊಂಡಳು. ಅಂಗಡಿಯ ಮುದುಕನ ಬಾಯಲ್ಲಿ ನಾನು ಮೂರು ಸಲ ಹೇಳಿಸಿದೆ, ಬೆಟ್ಟದಾಚೆಯ ಸುಡುಗಾಡಿನಲ್ಲಿ ರಾತ್ರಿ ಎಲುಬು ಕಟಕಟ ಅನ್ನುತ್ತದೆ ಅಂತ. ಅವಳು ಚೌಕಾಸಿಯಲ್ಲಿ ಮುಳುಗಿದ್ದಳು. ಮುಂದಿನ ಆಟಕ್ಕೆ ಇನ್ನು ನಾಲ್ಕು ದಿನ ಉಂಟು. ಅಷ್ಟರಲ್ಲಿ ಇದನ್ನು ಓದುತ್ತಾಳೋ ಇಲ್ಲವೋ ನೋಡಬೇಕು.